ಎಡಗಡೆಯ ಬ್ರೇಕ್

ಅವನ ಬಲಗಾಲು ಒತ್ತಿತು. ಅಲ್ಲಿ ರಬ್ಬರ್ ಮ್ಯಾಟ್ ಬಿಟ್ಟರೆ ಬೇರೇನೂ ಇರಲಿಲ್ಲ.

"ಮತ್ತೆ ಒತ್ತಿದ್ರಿ," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ.

"ಏನನ್ನ?"

"ಬ್ರೇಕ್‌ನ."

"ಇಲ್ಲಿ ಬ್ರೇಕ್ ಎಲ್ಲಿದೆ?"

"ನಾನೂ ಅದನ್ನೇ ಕೇಳ್ತಿರೋದು."

ಮಳೆ ಶುರುವಾಗಿ ಹತ್ತು ನಿಮಿಷವಾಗಿತ್ತು. ಮೊದಲ ಅರ್ಧ ಗಂಟೆಯೇ ಅಪಾಯದ್ದು: ರಸ್ತೆಗೆ ಅಂಟಿದ ಎಣ್ಣೆ, ಧೂಳು ಎಲ್ಲ ನೀರಿಗೆ ಬೆರೆತು ಲೋಳೆಯಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಅವನು ಇದನ್ನು ಒಂದೇ ಧಾಟಿಯಲ್ಲಿ ಹೇಳುತ್ತ ಬಂದಿದ್ದ. ಈಗಲೂ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

ಹೇಳಬೇಕಾದದ್ದು ಬೇರೆ ಇತ್ತು. ಒಂದೇ ಮಾತು: ಹೋಗಬೇಡ. ಸ್ಕೂಲಿನ ಗೇಟಿಗೆ ಇನ್ನು ನಾಲ್ಕು ಕಿಲೋಮೀಟರ್. ಅಲ್ಲಿ ಅವನು ಇಳಿಯುತ್ತಾನೆ, ಅವಳು ಎರಡು ಗಂಟೆ ದೂರದ ಊರಿಗೆ ಒಬ್ಬಳೇ ಹೋಗುತ್ತಾಳೆ. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವ ಕೆಲಸ ಅವಳದು. ಆ ಊರಿನಲ್ಲಿ ಹೊಸ ಶಾಖೆ ತೆರೆದಿದ್ದರು. ವರ್ಗಾವಣೆ ತಾನಾಗಿ ಬಂದದ್ದಲ್ಲ, ಅವಳೇ ಕೇಳಿ ತೆಗೆದುಕೊಂಡದ್ದು. ಆದೇಶದ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಮೂರು ವಾರ ಇತ್ತು. ಇಬ್ಬರೂ ದಿನಾ ಆ ಬಾಗಿಲು ತೆಗೆದು ಹಾಲು ತೆಗೆದುಕೊಂಡರು.

ಹಿಂದಿನ ಸೀಟಿನಲ್ಲಿ ಎರಡು ಸೂಟ್‌ಕೇಸು, ಒಂದು ದಿಂಬು, ಒಬ್ಬರಿಗೆ ಸಾಕಾಗುವಷ್ಟು ಪುಟ್ಟ ಕುಕ್ಕರ್. ಅವನ ಕಣ್ಣು ಕನ್ನಡಿಯಲ್ಲಿ ಆ ಕುಕ್ಕರಿನ ಮೇಲೇ ಹೋಗುತ್ತಿತ್ತು.

"ಮುಂದಿನ ಲಾರಿಗೆ ಹತ್ತಿರ ಆಗ್ತಿದೀಯ," ಎಂದ.

"ನಾಲ್ಕು ಸೆಕೆಂಡ್ ಅಂತರ ಇದೆ, ಎಣಿಸಿದೀನಿ."

"ಮಳೇಲಿ ಆರು."

ಅವಳು ವೇಗ ತಗ್ಗಿಸಿದಳು. ಅದು ವಿಧೇಯತೆಯೋ ತಾತ್ಸಾರವೋ ಅವನಿಗೆ ತಿಳಿಯಲಿಲ್ಲ.

ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಎಂದು ಡ್ರೈವಿಂಗ್ ಸ್ಕೂಲಿಗೆ ಸೇರಿದವನು ಅವನು. ಆ 'ವರೆಗೆ' ಇನ್ನೂ ಮುಗಿದಿರಲಿಲ್ಲ. ಕಲಿಯುವವರು ಅವನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು, ಪ್ರೀತಿಯಿಂದಲೇ. ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂರುವ ಮೇಷ್ಟರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಬೇರೆಯವರು ಅದನ್ನು ಧಡಕ್ಕನೆ ಒತ್ತಿ, ಕಲಿಯುವವರ ಜನ್ಮ ಜಾಲಾಡುತ್ತಾರೆ. ಇವನದು ನಾಜೂಕಿನ ಕಾಲು. ಕಲಿಯುವವರು ಒತ್ತುವುದಕ್ಕೆ ಕೂದಲೆಳೆಯಷ್ಟು ಮುಂಚೆ ಇವನು ಮೆಲ್ಲಗೆ ಒತ್ತಿರುತ್ತಿದ್ದ. ಗಾಡಿ ಸದ್ದಿಲ್ಲದೆ ನಿಲ್ಲುತ್ತಿತ್ತು. "ಭೇಷ್," ಎನ್ನುತ್ತಿದ್ದ. ತಾವೇ ನಿಲ್ಲಿಸಿದೆವೆಂದು ಅವರು ಹಿಗ್ಗುತ್ತಿದ್ದರು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಹೆಂಡತಿಗೂ ಅದೇ ಕಾರಿನಲ್ಲಿ ಆರು ತಿಂಗಳು ಕಲಿಸಿದ್ದ.

ಸೇತುವೆ ಇಳಿದ ಮೇಲೆ ಎಡಕ್ಕೊಂದು ತಿರುವು. ಅಲ್ಲಿ ನೀರು ತೆಳ್ಳಗೆ ಹರಡಿಕೊಂಡಿತ್ತು. ಅವನು ನೋಡಿದ. ಹೇಳುವಷ್ಟರಲ್ಲಿ ಕಾರಿನ ಹಿಂಭಾಗ ಬಲಕ್ಕೆ ಜಾರಿತು.

ಅವನ ಎರಡೂ ಕಾಲು ನೆಲಕ್ಕೆ ಊರಿದವು. ಮಂಡಿ ಅದುರುವಷ್ಟು ಬಲವಾಗಿ ಒತ್ತಿದ. ಹಿಂದೆ ಕುಕ್ಕರಿನ ಮುಚ್ಚಳ ಠಣ್ಣೆಂದು ಬಿತ್ತು. ಅವಳು ಯಾವ ಪೆಡಲನ್ನೂ ಮುಟ್ಟಲಿಲ್ಲ. ಕಾಲು ಹಿಂದಕ್ಕೆಳೆದುಕೊಂಡು, ಸ್ಟೀರಿಂಗನ್ನು ಜಾರಿದ ಕಡೆಗೇ ತುಸು ತಿರುಗಿಸಿ ಹಿಡಿದಳು. ಕಾರು ಒಂದು ಕ್ಷಣ ಯಾರ ಮಾತನ್ನೂ ಕೇಳಲಿಲ್ಲ. ಆಮೇಲೆ ಅವಳ ಮಾತು ಕೇಳಿತು.

ಅವಳು ಗೇರು ಇಳಿಸಿದಳು. ವೈಪರ್ ಜೋರು ಮಾಡಿದಳು.

"ಜಾರಿದಾಗ ಬ್ರೇಕ್ ಮುಟ್ಬಾರ್ದು," ಎಂದಳು. "ನೀವೇ ಹೇಳ್ಕೊಟ್ಟಿದ್ದು."

"ಹೌದು."

"ನೀವು ಎರಡೂ ಕಾಲಲ್ಲಿ ಒತ್ತಿದ್ರಿ."

ಅವನು ಕಿಟಕಿಯ ಆವಿ ಒರೆಸಿದ. ಇದು ಸ್ಕೂಲಿನ ಕಾರಾಗಿದ್ದರೆ, ಕಾಲಡಿಯಲ್ಲಿ ನಿಜವಾಗಿ ಬ್ರೇಕ್ ಇದ್ದಿದ್ದರೆ, ಕಾರು ಗಿರ್ರನೆ ತಿರುಗಿ ರಸ್ತೆಬದಿಯ ತಡೆಗೋಡೆಗೆ ಬಡಿಯುತ್ತಿತ್ತು. ಲೆಕ್ಕ ಸುಲಭವಾಗಿತ್ತು. ಅವಳೂ ಅದನ್ನು ಹಾಕಿದ್ದಳು.

"ರೀ, ಒಂದು ಕೇಳ್ಲಾ?"

"ಕೇಳು."

"ಆ ಆರು ತಿಂಗಳಲ್ಲಿ, ಒಂದೇ ಒಂದು ಸಲನಾದ್ರೂ ನಾನೇ ಗಾಡಿ ನಿಲ್ಸಿದ್ನಾ?"

"ಪಾಸಾದೆಯಲ್ಲ."

"ಅದನ್ನ ಕೇಳ್ಲಿಲ್ಲ ನಾನು."

ಅವನು ನೆನಪಿಸಿಕೊಳ್ಳಲು ನಿಜವಾಗಿ ಪ್ರಯತ್ನಿಸಿದ. ಅಷ್ಟು ಸಲ ಒತ್ತಿದ ಕಾಲಿಗೆ ಯಾವುದು ತನ್ನದು, ಯಾವುದು ಅವಳದು ಎಂಬ ಗುರುತೇ ಉಳಿದಿರಲಿಲ್ಲ. ಬರೀ ಕಾರಿನಲ್ಲಲ್ಲ. ಅವಳು ಮುಂದೆ ಓದುತ್ತೇನೆಂದಾಗ, ಬಾಡಿಗೆ ಮನೆ ಬದಲಿಸೋಣವೆಂದಾಗ, ಮಗುವಿನ ವಿಷಯ ಎತ್ತಿದಾಗ, ಅವನು ಎಂದೂ ಬೇಡವೆಂದಿರಲಿಲ್ಲ. "ನೋಡೋಣ," ಎಂದಿದ್ದ, ಮೆಲ್ಲಗೆ. ಆಮೇಲೆ ಅವಳೇ ಬೇಡವೆಂದುಕೊಂಡಳೆಂದು ಇಬ್ಬರೂ ನಂಬಿದ್ದರು.

"ನೆನಪಿಲ್ಲ," ಎಂದ.

"ಹ್ಞೂಂ."

ಗೇಟು ಬಂತು. ಅವಳು ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಫುಟ್‌ಪಾತಿಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು. ಕುಲುಕಾಟವಿರಲಿಲ್ಲ. ಅಭ್ಯಾಸಬಲದಿಂದ ಅವನ ಬಾಯಲ್ಲಿ "ಭೇಷ್" ಬಂದುಬಿಟ್ಟಿತು. ಅವಳು ನಕ್ಕಳು. ಎಷ್ಟೋ ದಿನದ ಮೇಲಿನ ನಗು. ಅದರಲ್ಲಿ ಕೋಪವಿಲ್ಲದ್ದು ಕಂಡು ಅವನಿಗೆ ಸಂಕಟವಾಯಿತು.

ಈಗ ಹೇಳಬೇಕು. ಇಳಿದು, ಕೊಡೆ ಬಿಚ್ಚಿ, ಬಾಗಿಲು ಹಿಡಿದು ಬಗ್ಗಿದ.

"ನೀರು ನಿಂತ ಕಡೆ ಇಳಿಸ್ಬೇಡ. ಆಳ ಗೊತ್ತಾಗಲ್ಲ."

"ಇಲ್ಲ."

"ದೀಪ ಹಾಕ್ಕೊಂಡೇ ಹೋಗು."

"ಹಾಕಿದೀನಿ. ಬೇರೆ ಏನಾದ್ರೂ ಹೇಳೋದಿತ್ತಾ?"

ಅವಳು ಕಾದಳು. ಅವನು ಅದನ್ನು ಕಂಡ. ಆ ಕಾಯುವಿಕೆಯ ಮೇಲೂ ಅವನ ಕಾಲು ಮೆಲ್ಲಗೆ ಒತ್ತಿತು.

"ತಲುಪಿ ಫೋನ್ ಮಾಡು."

"ನೆನಪಿದ್ರೆ," ಎಂದಳು. ಈಚೆಗೆ ಬಾಗಿ ಅವನ ಕಡೆಯ ಬಾಗಿಲು ಎಳೆದುಕೊಂಡಳು.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ. ಒಮ್ಮೆಯೂ ಅದರ ಬ್ರೇಕಿನ ಕೆಂಪು ದೀಪ ಹತ್ತಲಿಲ್ಲ. ಅವನಿಗೆ ಹೆದರಿಕೆಯಾಯಿತು. ತಾನಿಲ್ಲದೆಯೂ ಅವಳಿಗೆ ದಾರಿಯಲ್ಲಿ ಏನೂ ಆಗುವುದಿಲ್ಲ ಎಂಬುದೇ ಹೆದರಿಕೆ. ನಾಚಿಕೆಯೂ ಆಯಿತು.

ಸ್ಕೂಲಿನ ಕಾರು ರಸ್ತೆಬದಿಯಲ್ಲಿ ನೆನೆಯುತ್ತ ನಿಂತಿತ್ತು. ಕೊಡೆ ಮಡಚಿ ಒಳಗೆ ಕೂತ. ಫೋನ್ ಬಡಿದುಕೊಂಡಿತು. ಹೆಸರು ನೋಡದೆ ಎತ್ತಿದ.

"ಮೇಷ್ಟ್ರೇ," ಎಂದರು ಹತ್ತು ಗಂಟೆಯ ಪಾಠಕ್ಕೆ ಬರಬೇಕಿದ್ದ ಹಲ್ಲಿನ ಡಾಕ್ಟರು. "ಇವತ್ತು ಬೇಡ. ನೀವು ಪಕ್ಕದಲ್ಲಿದ್ರೆ ಭಯ ಇಲ್ಲ ಅನ್ನಿ, ಆದ್ರೂ ಮಳೆ."

"ಮಳೇಲೇ ಕಲೀಬೇಕು."

"ನಾಳೆ ನೋಡೋಣ, ಮೇಷ್ಟ್ರೇ."

ಫೋನನ್ನು ತೊಡೆಯ ಮೇಲಿಟ್ಟುಕೊಂಡ. ಬೆನ್ನಟ್ಟಿ ಹೋದರೆ ಮುಂದಿನ ಪೆಟ್ರೋಲ್ ಬಂಕಿನ ಹೊತ್ತಿಗೆ ಸಿಗುತ್ತಾಳೆ. ಜೇಬಿನಿಂದ ಕೀಲಿ ತೆಗೆದು ಕೈ ಚಾಚಿದ. ಕೀಲಿಯ ಕಿಂಡಿ ದೂರದಲ್ಲಿತ್ತು, ಬಲಗಡೆ, ಸ್ಟೀರಿಂಗಿನ ಆಚೆ. ಆಗ ಗೊತ್ತಾಯಿತು, ತಾನು ಎಡಗಡೆ ಕೂತಿದ್ದೇನೆಂದು. ಪಕ್ಕದ ಸೀಟು ಖಾಲಿ. ಅಲ್ಲಿಗೆ ಸರಿದು ಕೂರಲು ಎಷ್ಟು ಹೊತ್ತು? ಇಳಿದು, ಸುತ್ತಿ, ಹತ್ತಬೇಕು. ಮಳೆ ಜೋರಾಗಿತ್ತು.

ನೋಡೋಣ, ಎಂದುಕೊಂಡ.

ಹಿಂದೆ ಹಾರ್ನ್ ಕೇಳಿತು. ತನಗೆಂದೇ ಇರುವ ಕನ್ನಡಿಯಲ್ಲಿ ನೋಡಿದ. ಒಂದು ವ್ಯಾನು ಇವನ ಹಿಂದೆ ನಿಂತುಬಿಟ್ಟಿತ್ತು. ಸರಿಯಾದ ಅಂತರ ಬಿಟ್ಟಿತ್ತು. ಅದರ ಮೂತಿ, ಅದರ ಗಾಜು, ಅದರ ಮುಂದೆ ಸುರಿಯುವ ಮಳೆ, ಎಲ್ಲ ಕೆಂಪಗಿತ್ತು. ಅವನು ಕೆಳಗೆ ನೋಡಿದ. ಬಲಗಾಲು ಬ್ರೇಕಿನ ಮೇಲಿತ್ತು, ಪೂರ್ತಿ ಒತ್ತಿಕೊಂಡು.

ತೆಗೆಯಬೇಕೆಂದುಕೊಂಡ. ಕಾಲು ಏಳಲಿಲ್ಲ. ಮುಂದೆ ಯಾರೋ ಗಾಡಿ ನಡೆಸುತ್ತಿದ್ದಾರೆಂದು ನಂಬಿ, ವ್ಯಾನಿನವನು ಮಳೆಯಲ್ಲಿ ಕಾಯುತ್ತಲೇ ಇದ್ದ.