ಜನವರಿಯಲ್ಲಿ ಮಳೆ ಕರೆದವಳು

ರಕ್ಷಾಗೆ ಮೊದಲ ಬಹುಮಾನ ಒಂದು ಸಲವೂ ಬಂದಿರಲಿಲ್ಲ. ಸಮಾಧಾನಕರ ಬಹುಮಾನಗಳು ಬೇಕಾದಷ್ಟು ಬಂದಿದ್ದವು. ಹಾಗೆ ಸಿಕ್ಕ ಸ್ಟೀಲ್ ಲೋಟಗಳಲ್ಲೇ ಮನೆಯವರೆಲ್ಲ ಕಾಫಿ ಕುಡಿಯುತ್ತಿದ್ದರು. ಮುಂದಿನ ತಿಂಗಳು ಅವಳಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಮೂಡಿಗೆರೆಯ ಯುವಕವಿ ಸ್ಪರ್ಧೆಗೆ ಇಪ್ಪತ್ತೊಂದು ತುಂಬಿದವರನ್ನು ಸೇರಿಸುವುದಿಲ್ಲ. ಇದೇ ಕೊನೆಯ ಸಲ.

ಹಾಗಾಗಿ ಅವಳು ಯೋಚಿಸಿಯೇ ಬರೆದಿದ್ದಳು. ಚಿಕ್ಕಮಗಳೂರಿನ ಹಾಸ್ಟೆಲ್ ಲೈಬ್ರರಿಯಲ್ಲಿ ಕೂತು ಹಿಂದೆ ಗೆದ್ದ ಕವಿತೆಗಳನ್ನೆಲ್ಲ ಓದಿ ಒಂದು ವಿಷಯ ಕಂಡುಕೊಂಡಿದ್ದಳು. ತೀರ್ಪುಗಾರರು ಬಯಲುಸೀಮೆಯವರು, ಮಲೆನಾಡಿನ ಹುಡುಗರು ಮಳೆಯ ಮೇಲೆ ಬರೆದರೆ ಅವರಿಗೆ ಖುಷಿ. ಅಮ್ಮನ ಮೇಲೆ ಬರೆದು ಲೋಟ ತಂದವಳು ಈ ಸಲ ಮಳೆಗೇ ಕೈಹಾಕಿದಳು. ತಿಂಗಳು ಯಾವುದೆಂದು ಮಾತ್ರ ನೋಡಿರಲಿಲ್ಲ.

ಜನವರಿಯಲ್ಲಿ ಕೊಯ್ದ ಕಾಫಿಹಣ್ಣು ಎಲ್ಲರ ಕಣದಲ್ಲೂ ಒಣಗುತ್ತಿರುತ್ತದೆ. ಅದರ ಮೇಲೆ ಮಳೆ ಬಿದ್ದರೆ ಬೂಷ್ಟು ಹಿಡಿಯುತ್ತದೆ, ವ್ಯಾಪಾರಿ ಮೂಸಿ ನೋಡಿ ಮುಖ ತಿರುಗಿಸುತ್ತಾನೆ.

ಬಣಕಲ್‌ನಿಂದ ಬೈಕಿನಲ್ಲಿ ಕರೆತಂದವನು ಅಪ್ಪ ಮಂಜಯ್ಯ. ಮಗಳ ಕವಿತೆಯನ್ನು ಅವನು ಒಮ್ಮೆಯೂ ಕೇಳಿದವನಲ್ಲ.

"ಕಣ ಬಿಟ್ಟು ಬರ್ತೀಯಾ ಅಪ್ಪ?" ಎಂದು ಅವಳು ಕೇಳಿದ್ದಳು.

"ನಿಮ್ಮಮ್ಮ ತವರಿಗೆ ಹೋದ್ರೇನು, ಅಜ್ಜಿ ಇದಾಳಲ್ಲ ನೋಡ್ಕೊಳೋಕೆ. ನೀನು ಗೆದ್ರೆ ಲೋಟ ಹೊರೋಕಾದ್ರೂ ಒಬ್ರು ಬೇಡ್ವಾ ಮಾರಾಯ್ತಿ?"

ಸ್ಪರ್ಧೆ ಬೆಳೆಗಾರರ ಸಂಘದ ಸಭಾಂಗಣದಲ್ಲಿತ್ತು. ಸಂಘದ ವಾರ್ಷಿಕೋತ್ಸವದ ಊಟ ಮುಗಿಸಿದ ಬೆಳೆಗಾರರೇ ಕೇಳುಗರು. ಕವಿತೆಯನ್ನು ಪೂರ್ತಿ ಓದದವರಿಗೆ ಅಂಕವಿಲ್ಲ ಎಂದು ತೀರ್ಪುಗಾರ ರೇಣುಕಪ್ರಸಾದ್ ಮೊದಲೇ ಹೇಳಿದರು. ರಕ್ಷಾಳ ಹೆಸರು ಕರೆಯುವ ಹೊತ್ತಿಗೆ ಘಾಟಿಯ ಕಡೆ ಮೋಡ ಕಟ್ಟಿತ್ತು.

"ಇಳಿ ಮೋಡವೇ, ನನ್ನ ಅಂಗಳಕ್ಕೆ ಇಳಿ, ಒಣಗಿದ್ದೆಲ್ಲ ತೋಯಲಿ..."

"ಏ, ಸುಮ್ನಿರವ್ವ," ಎಂದರು ಮುಂದಿನ ಸಾಲಿನ ಹಿರಿಯ ಬೆಳೆಗಾರ ಗಂಗಾಧರಪ್ಪ. "ಅದನ್ನ ಈಗ್ಯಾಕೆ ಕರೀತೀಯ?"

ಸಭೆ ನಕ್ಕಿತು. ಅಷ್ಟರಲ್ಲಿ ಗುಡುಗಿತು. ಆಮೇಲೆ ಯಾರೂ ನಗಲಿಲ್ಲ. ಕುರ್ಚಿಗಳು ಸರಿದವು, ಗಂಗಾಧರಪ್ಪ ಫೋನಿನಲ್ಲಿ ತೋಟದ ಲೆಕ್ಕ ನೋಡುವ ರೈಟರನ್ನು ಬೈಯುತ್ತಲೇ ಹೊರಗೆ ಓಡಿದರು. ಇತರರೂ ಹಿಂದೆಯೇ ಹೊರಟರು.

"ಕವಿತೆ ಮುಗಿಯೋವರೆಗಾದರೂ ಕೂತ್ಕೊಳ್ಳಿ," ಎಂದು ರೇಣುಕಪ್ರಸಾದ್ ಮೈಕಿನಲ್ಲಿ ಬೇಡಿಕೊಂಡರು. ಅವರ ಮಾತು ಕೇಳಿ ಕೂತಿದ್ದವನು ಮಂಜಯ್ಯ ಒಬ್ಬನೇ. ಕೊನೆಯ ಸಾಲಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡಿದ್ದ. ಸಣ್ಣ ಮೋಡ ಕಂಡರೂ ಅನ್ನದ ತಟ್ಟೆ ಬಿಟ್ಟು ಕಣಕ್ಕೆ ಓಡುವವನು, ಈಗ ಕಿಟಕಿಯ ಕಡೆ ಕತ್ತು ಕೂಡ ತಿರುಗಿಸದೆ ಮಗಳನ್ನೇ ನೋಡುತ್ತಿದ್ದ.

ಎಪ್ಪತ್ತು ದಾಟಿದ ಅಜ್ಜಿ ಒಬ್ಬಳೇ ಟಾರ್ಪಾಲು ಎಳೆಯಲಾರಳು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ರಕ್ಷಾ ಇನ್ನೊಂದು ಸಾಲು ಓದಿದಳು. ಆಮೇಲೆ ಹಾಳೆ ಮಡಚಿದಳು.

"ಯಾಕಮ್ಮಾ, ನಿಲ್ಲಿಸಿಬಿಟ್ಟೆ?" ರೇಣುಕಪ್ರಸಾದರಿಗೆ ನಿಜಕ್ಕೂ ಬೇಜಾರಾಗಿತ್ತು. "ಚೆನ್ನಾಗಿ ಬರ್ತಿತ್ತು."

"ಕಣದಲ್ಲಿ ಕಾಫಿ ಇದೆ ಸರ್," ಎಂದು ಅವಳು ವೇದಿಕೆ ಇಳಿದಳು. "ಅಪ್ಪ, ಏಳು."

"ಪೂರ್ತಿ ಓದೇ. ಇದೊಂದ್ಸಲ ತಾನೆ."

"ಏಳು ಅಂದೆ."

ದಾರಿಯಲ್ಲೇ ಮಳೆ ಸಿಕ್ಕಿತು. ಮನೆಗೆ ಬಂದಾಗ ಅಜ್ಜಿ ದ್ಯಾವಮ್ಮ ಕಣದ ಒಂದು ಮೂಲೆಯ ಕಾಫಿಯನ್ನು ಗುಡ್ಡೆ ಮಾಡಿ, ಟಾರ್ಪಾಲಿನ ತುದಿಯ ಮೇಲೆ ತಾನೇ ಕೂತಿದ್ದಳು. ಮೂವರೂ ಸೇರಿ ಎಳೆದು, ಮುಚ್ಚಿ, ಕಲ್ಲು ಹೇರಿದರು. ಅಂಚಿನದು ನೆನೆದಿತ್ತು.

"ಯಾವ ಹಾಳಾದೋರು ಕರೆದ್ರೋ ಈ ಮಳೇನ," ಎಂದಳು ದ್ಯಾವಮ್ಮ, ಸೆರಗು ಹಿಂಡುತ್ತ.

"ನಿನ್ ಮೊಮ್ಮಗಳೇ ಕಣವ್ವ. ಮೈಕ್ ಹಿಡ್ಕೊಂಡು ಕರೆದ್ಲು."

ಮುದುಕಿಗೆ ಅರ್ಥವಾಗಲಿಲ್ಲ. ರಕ್ಷಾಗೆ ಅಳು ಬರುವಂತಿತ್ತು, ಬಂದದ್ದು ನಗು.

"ಕವಿತೇಲಿ ಉಳಿದಿದ್ರಲ್ಲೂ ಮಳೆನೇನಾ?" ಮಂಜಯ್ಯ ಕೇಳಿದ.

"ಹೂಂ. ಇನ್ನೂ ಜೋರು."

"ಹಂಗಾದ್ರೆ ಈಗ ಬೇಡ. ಮಾರ್ಚಲ್ಲಿ ಓದು. ಕಾಫಿ ಹೂ ಬಿಡೋಕೆ ಮಳೆ ಬೇಕಾಗ್ತದೆ, ನಾನೂ ಕೂತು ಕೇಳ್ತೀನಿ."

ಸಂಜೆ ಮಳೆ ನಿಂತ ಮೇಲೆ ನೋಡಿದರು. ಹೋದದ್ದು ಎರಡು ಚೀಲ ಕಾಫಿ, ಸಭಾಂಗಣದಲ್ಲಿ ಮರೆತ ಹೆಲ್ಮೆಟ್ ಒಂದು, ಮೊದಲ ಬಹುಮಾನ ಒಂದು.