ರಾಹುಕಾಲದಲ್ಲಿ ನಿಂತ ಮಾತು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಫೋನಿನಲ್ಲಿ "ಹಲೋ ಹಲೋ" ಎಂದು ಕಿರುಚುವವರೆಂದರಂತೂ ಮೈಯೆಲ್ಲ ಉರಿಯುತ್ತದೆ. ಕರ್ನಾಟಕದ ಗಡಿಯಾಚೆಯ ಆದವಾನಿಯ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಟೆಲಿಫೋನ್ ಆಪರೇಟರಾಗಿ ಕೂತೇ ನನ್ನ ಕೂದಲು ಬೆಳ್ಳಗಾಯಿತು. ಕಾವೇರಿಬಾಯಿ ಎಂದರೆ ಮಾರ್ಕೆಟ್ ಯಾರ್ಡಿನ ಹಮಾಲರಿಗೂ ಗೊತ್ತು. ಅವರು ನನ್ನ ಮುಖ ನೋಡಿದವರಲ್ಲ, ಬೈಗುಳ ಕೇಳಿದವರು. ಇಂಥ ನಾನು ಒಬ್ಬೊಬ್ಬರನ್ನೇ ನೆನೆದು ಕೈ ಮುಗಿಯುತ್ತಿದ್ದೇನೆ ಎಂದರೆ ನಮ್ಮ ಮನೆಯವರೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಮೊದಲ ನಮಸ್ಕಾರ ಪ್ರತಿಮಾಗೆ. ನಮ್ಮ ಧಣಿ ಬಸವಪ್ರಸಾದನ ಹೆಂಡತಿ ಆಕೆ. ಮಿಲ್ಲಿಗೆ ಮಾತನ್ನು ಹಿಡಿದಿಟ್ಟು ಮುಟ್ಟಿಸುವ ವಾಯ್ಸ್ ಮೇಲ್ ಹಾಕುವುದೆಂದು ತೀರ್ಮಾನವಾದಾಗ, ಹಾಕಲು ಬಂದ ಇಂಜಿನಿಯರು ನನ್ನ ಎದುರಿಗೇ, "ಇನ್ನು ಆಪರೇಟರ್ ಬೇಕಾಗೋದಿಲ್ಲ ಸರ್" ಎಂದುಬಿಟ್ಟ. ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಬಾಗಿಲಲ್ಲಿ ಪ್ರತಿಮಾ ಕೈ ಹಿಡಿದಳು.

"ಕಾವೇರಕ್ಕಾ, ಎಲ್ಲಿಗೆ ಹೊಂಟೀರಿ? ಮಿಷನ್ ತಾನೇ ತನ್ನ ನೋಡ್ಕೊಂತೈತೇನು? ಅಡ್ಮಿನಿಸ್ಟ್ರೇಟರ್ ಅಂತ ಒಬ್ರು ಬೇಕ್ರೀ. ಅದು ನೀವೇ. ನಾ ಹೇಳಿಕೊಡ್ತೀನಿ, ಕುಂದರ್ರಿ."

ಅತ್ತೆಯ ಕಣ್ಣು, ಗಂಡನ ಅನುಮಾನ ಎರಡನ್ನೂ ಲೆಕ್ಕಕ್ಕಿಡದೆ ಆಕೆ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ನಾನು ತಪ್ಪು ಒತ್ತಿದರೆ ನಗುತ್ತಿದ್ದಳು, ನಾನು ರೇಗಿದರೆ ಇನ್ನೂ ನಗುತ್ತಿದ್ದಳು. ಹೊಟ್ಟೆಯ ಅನ್ನ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಮಾನ ಉಳಿಯಿತು.

ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ವಾಯ್ಸ್ ಮೇಲ್ ಯಾಕೆ ಎಂದು ನೀವು ಕೇಳಬಹುದು. ಹತ್ತಿಯಿಂದ ಬೀಜ ಬಿಡಿಸುವ ಶೆಡ್ಡಿನೊಳಗೆ ಒಮ್ಮೆ ಕಾಲಿಟ್ಟು ನೋಡಿ. ಗಾಳಿಯಲ್ಲೆಲ್ಲ ಹತ್ತಿಯ ನಾರು, ಒಂದು ಕಿಡಿ ಬಿದ್ದರೆ ಮುಗಿಯಿತು. ಅದಕ್ಕೇ ಮೊಬೈಲುಗಳೆಲ್ಲ ಗೇಟಿನ ಮರದ ಪೆಟ್ಟಿಗೆಯಲ್ಲಿ. ಒಳಗೆ ಯಂತ್ರದ ಸದ್ದಿಗೆ ಫೋನು ಬಾರಿಸಿದರೂ ಕೇಳುವುದಿಲ್ಲ. ಆದವಾನಿಯ ಮಿಲ್ಲು, ಪೆದ್ದಕಡುಬೂರಿನ ಶೆಡ್ಡು, ಮಾಧವರಂನ ಗೋದಾಮು, ಹೀಗೆ ಮೂರು ಕಡೆ ನಮ್ಮ ಕೆಲಸ. ಗೋದಾಮಿನಲ್ಲಿ ಮೊಬೈಲ್ ಇಟ್ಟುಕೊಂಡರೂ ಸಿಗ್ನಲ್ಲು ಹೊಳೆ ದಾಟಿ ಕರ್ನಾಟಕಕ್ಕೆ ಹೋಗಿ ಬರುತ್ತಿರುತ್ತದೆ. ಹಾಗಾಗಿ ಕೆಲಸದವರಿಗೆಲ್ಲ ಒಂದೊಂದು ಮಾತಿನ ಪೆಟ್ಟಿಗೆ, ಗೋಡೆಯ ಫೋನಿನ ಮೇಲೆ ಅವರವರ ಹೆಸರಿನ ಕೆಂಪು ದೀಪ. ಹೊಸ ಮಾತು ಬಂದರೆ ದೀಪ ಹೊತ್ತುತ್ತದೆ, ಕೇಳಿದರೆ ಆರುತ್ತದೆ. ಅರ್ಜೆಂಟ್ ಎಂದು ಗುರುತು ಹಾಕಿ ಬಿಟ್ಟ ಮಾತಾದರೆ ಶೆಡ್ಡಿನ ಸೈರನ್ನೇ ಕೂಗುತ್ತದೆ, ಯಂತ್ರ ನಿಲ್ಲಿಸಿ ಕೇಳಬೇಕು.

ಒಂದು ಊರಿನಲ್ಲಿ ಬಿಟ್ಟ ಮಾತನ್ನು ಇನ್ನೊಂದು ಊರಿನ ಯಂತ್ರಕ್ಕೆ ಸಾಗಿಸುವುದು, ಯಾವ ಪೆಟ್ಟಿಗೆ ಯಾರದು, ಯಾವ ಗುಂಪಿಗೆ ಯಾರು ಸೇರಬೇಕು, ಇದೆಲ್ಲ ನನ್ನ ರಾಜ್ಯ. ಯಂತ್ರದೊಳಗಿನ ದನಿಯೂ ನನ್ನದೇ. "ನಿಮ್ಮ ಮಾತು ಮುಟ್ಟಿತು, ಇನ್ನ ಫೋನ್ ಇಡ್ರಿ" ಎಂದು ನಾನೇ ರೆಕಾರ್ಡ್ ಮಾಡಿದ್ದೆ. ಸ್ವಲ್ಪ ಗದರಿಕೆ ಬಂದಿದೆ ಎಂದು ಪ್ರತಿಮಾ ಅಂದಳು. ಇರಲಿ ಬಿಡು ಎಂದೆ.

ಎಲ್ಲ ಸುಸೂತ್ರ ನಡೆದಿತ್ತು. ಆಮೇಲೆ ಗುರುಬಸಮ್ಮನವರು ಕೈ ಹಾಕಿದರು. ಧಣಿಯ ತಾಯಿ, ಮಿಲ್ಲಿನ ನಿಜವಾದ ಯಜಮಾನಿ. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿಯೇ ಯಾವ ಊರಿನ ಹೊಲದ್ದೆಂದು ಹೇಳುವಾಕೆ. ದಿನದ ಹತ್ತಿ ರೇಟನ್ನು ನಾವು ವಾಯ್ಸ್ ಮೇಲಿನಲ್ಲೇ ಮೂರೂ ಕಡೆ ಕಳಿಸುತ್ತಿದ್ದೆವು. ಒಂದು ಶುಕ್ರವಾರ ರೇಟು ರಾಹುಕಾಲದಲ್ಲಿ ಹೋಯಿತು, ಸಂಜೆಗೆ ಮಾರ್ಕೆಟ್ಟು ಬಿತ್ತು. ಗುರುಬಸಮ್ಮ ಆಫೀಸಿಗೇ ಬಂದರು.

"ಕಾವೇರಿ, ರಾಹುಕಾಲದಾಗ ಈ ಊರಿಂದ ಆ ಊರಿಗೆ ಒಂದು ಮಾತೂ ಹೋಗಬಾರ್ದು. ನಿನ್ನ ಮಿಷನ್‌ನಾಗ ಹಂಗ ಮಾಡಾಕ ಬರ್ತೈತೇನು?"

"ಬರ್ತೈತ್ರಿ. ಅರ್ಜೆಂಟ್ ಆದ್ರ ಬಿಡ್ಲೇನ್ರಿ?"

"ಅರ್ಜೆಂಟ್ ಅಂದ್ರ ರಾಹು ಬಿಡ್ತಾನೇನು? ಎಲ್ಲಾನೂ ನಿಲ್ಲಸು. ಯಾರು ಆ ತಡೆ ಮುಟ್ಟಿದ್ರೂ ಅವತ್ತೇ ಮನಿಗೆ."

ಮಾಧವರಂ ಗೋದಾಮಿನ ಸೇತುಮಾಧವಾಚಾರ್ರು ಪಂಚಾಂಗ ನೋಡಿ ವಾರವಾರದ ರಾಹುಕಾಲ ಹೇಳಿದರು. ನಾನು ಆ ಹೊತ್ತಿನ ತಡೆಯನ್ನು ಯಂತ್ರಕ್ಕೆ ಹಾಕಿದೆ. ಆ ಹೊತ್ತಿನಲ್ಲಿ ಬಿಟ್ಟ ಮಾತು ಆದವಾನಿಯಲ್ಲೇ ಸಾಲಾಗಿ ಕೂತಿದ್ದು, ರಾಹುಕಾಲ ಮುಗಿದ ಮೇಲೆ ಹೊರಡುತ್ತಿತ್ತು. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ನಾನೂ ಆ ಹೊತ್ತಿನಲ್ಲಿ ಹೊಸ ಸೀರೆ ಉಡುವವಳಲ್ಲ. ನಕ್ಕವಳು ಪ್ರತಿಮಾ ಒಬ್ಬಳೇ. "ರಾಹುಗೂ ಒಂದು ಪೆಟ್ಟಿಗೆ ಕೊಡ್ರಿ ಕಾವೇರಕ್ಕಾ, ಪಾಪ" ಎಂದಳು. ಆಗ ಆಕೆಗೆ ಏಳು ತಿಂಗಳು.

ದಿನ ತುಂಬಿ, ಒಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಧಣಿಯ ಫೋನು ಬಂತು. ಯಾವಾಗಲೂ ಮೆತ್ತಗೆ ಮಾತಾಡುವ ಬಸವಪ್ರಸಾದ ಅಂದು ಚೀರುತ್ತಿದ್ದ.

"ಕಾವೇರಕ್ಕಾ, ರಕ್ತ ನಿಂದ್ರವಲ್ದು! ಓ ನೆಗೆಟಿವ್ ಬೇಕಂತ. ಇಲ್ಲಿ ಇಲ್ಲ, ಕರ್ನೂಲಿಂದ ತರಬೇಕಂದ್ರ ಅಷ್ಟೊತ್ತು ತಡಿಯಾಕ ಆಗಂಗಿಲ್ಲ ಅಂತಾರ ಡಾಕ್ಟರು. ನಮ್ಮೋರೊಳಗ ಯಾರೋ ಒಬ್ಬಾಂವ ಅದಾನ, ಹಿಂದ ಕ್ಯಾಂಪಿನಾಗ ರಕ್ತ ಕೊಟ್ಟಿದ್ದ. ಹೆಸರು ನೆನಪಾಗವಲ್ದು. ಮೂರೂ ಕಡೆ ಅರ್ಜೆಂಟ್ ಅಂತ ಮಾತು ಬಿಟ್ಟೀನಿ. ಯಾರಾದ್ರೂ ಉತ್ತರ ಕೊಟ್ರ ತಕ್ಷಣ ತಿಳಸ್ರಿ!"

"ಮುಟ್ಟೇತೇನಪಾ?"

"ಮುಟ್ಟಿತು ಅಂತ ನೀವೇ ಹೇಳಿದ್ರಲ್ಲ, ಮಿಷನ್‌ನಾಗ."

ಆದವಾನಿಯ ಸೈರನ್ನು ಕೂಗಿದ್ದು ನನಗೂ ಕೇಳಿಸಿತ್ತು. ನಮ್ಮ ಶೆಡ್ಡಿನವರೆಲ್ಲ ಓಡಿ ಬಂದರು, ಯಾರದೂ ಆ ಗುಂಪಿನ ರಕ್ತವಲ್ಲ. ಇನ್ನೆರಡು ಊರುಗಳಿಂದ ಉತ್ತರಕ್ಕೆ ಕಾದೆ. ಬರಲಿಲ್ಲ. ಪೆದ್ದಕಡುಬೂರಿಗೆ ಫೋನು ಹಚ್ಚಿದೆ, ಬಾರಿಸಿ ಬಾರಿಸಿ ನಿಂತಿತು. ಅಲ್ಲಿಯ ಮೇಸ್ತ್ರಿಯ ಮೊಬೈಲಿಗೆ ಹಚ್ಚಿದೆ, ಮರದ ಪೆಟ್ಟಿಗೆಯಲ್ಲಿ ಕೂತು ಬಾರಿಸಿಕೊಂಡಿರಬೇಕು. ಎಲ್ಲಿ ಸತ್ತರು ಇವರೆಲ್ಲ ಎಂದು ಗಟ್ಟಿಯಾಗಿಯೇ ಬೈದೆ. ಅರ್ಜೆಂಟ್ ಸೈರನ್ನು ಕೂಗಿದರೂ ಉತ್ತರ ಕೊಡದಷ್ಟು ಕೊಬ್ಬೇ?

ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದೆ. ಪೆದ್ದಕಡುಬೂರಿಗೆ ಹೋಗಬೇಕಾದ ಮಾತು ಒಂದು, ಕಾಯುತ್ತಿದೆ. ಮಾಧವರಂಗೆ ಹೋಗಬೇಕಾದ್ದು ಒಂದು, ಕಾಯುತ್ತಿದೆ. ಗೋಡೆಯ ಗಡಿಯಾರ ನೋಡಿದೆ. ಗುರುವಾರ, ಒಂದೂವರೆಯಿಂದ ಮೂರು.

ಅಯ್ಯೋ ರಾಯರೇ! ಅಲ್ಲಿ ಆ ಹುಡುಗಿ ಸಾಯುತ್ತಿದ್ದಾಳೆ, ಇಲ್ಲಿ ಆಕೆಯ ಗಂಡನ ಕೂಗು ನಮ್ಮ ಯಂತ್ರದೊಳಗೆ ಒಳ್ಳೆಯ ಗಳಿಗೆಗಾಗಿ ಕಾಯುತ್ತ ಕೂತಿದೆ. ಮುಟ್ಟಿತು ಎಂದು ನನ್ನ ದನಿಯೇ ಅವನಿಗೆ ಸುಳ್ಳು ಹೇಳಿ ಫೋನು ಇಡಿಸಿದೆ.

ತಡೆ ತೆಗೆಯುವುದು ಒಂದು ಗುಂಡಿಯ ಕೆಲಸ. ಕೈ ಅಲ್ಲಿಗೆ ಹೋಗಿ ನಿಂತಿತು. ನೌಕರಿ ಹೋಗುತ್ತದೆಂದಲ್ಲ, ಅದು ಹಾಳಾಗಿ ಹೋಗಲಿ. ನಿಜ ಹೇಳುತ್ತೇನೆ, ನನಗೆ ರಾಹುವಿನ ಹೆದರಿಕೆಯೇ ಆಯಿತು. ಇಷ್ಟು ದೊಡ್ಡ ಮಾತನ್ನು ಕೆಟ್ಟ ಗಳಿಗೆಯಲ್ಲಿ ಹೊರಡಿಸಿ, ಆ ಗಳಿಗೆಯ ಕೇಡು ಪ್ರತಿಮಾಗೇ ತಟ್ಟಿದರೆ? ಆಮೇಲೆ ಆಕೆ ಸ್ಟೂಲಿನ ಮೇಲೆ ಕೂತು ನಕ್ಕದ್ದು ನೆನಪಾಯಿತು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಆ ಸಿಟ್ಟಿಗೆ ಇವತ್ತಿಗೂ ನಾನು ಋಣಿ. "ಕೇಡು ಬಂದ್ರ ನನಗ ಬರ್ಲಿ, ಆ ಹುಡುಗಿಗೆ ಬ್ಯಾಡ" ಎಂದು ಗಟ್ಟಿಯಾಗಿ ಅಂದು ಗುಂಡಿ ಒತ್ತಿದೆ. ಕಾಯುತ್ತಿದ್ದ ಎರಡೂ ಮಾತು ಹೊರಟು ಹೋದವು.

ಮೊದಲ ಉತ್ತರ ಮಾಧವರಂನಿಂದ. "ಕಾವೇರಿಬಾಯಿ, ನಾನು ಸೇತುಮಾಧವ. ನಂದು ಬಿ ಪಾಸಿಟಿವ್ ಅದ. ಆದ್ರೂ ಬರ್ಲೇನು? ಏನರ ಕೆಲಸಕ್ಕ ಬಂದೀತು." ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಪುಣ್ಯಾತ್ಮ, ನಿನಗೂ ಒಂದು ನಮಸ್ಕಾರ.

ಎರಡನೆಯದು ಪೆದ್ದಕಡುಬೂರಿನಿಂದ. ಹಿಂದೆ ಸೈರನ್ನು ಇನ್ನೂ ಕೂಗುತ್ತಿತ್ತು, ಮಾತು ಅರ್ಧ ತೆಲುಗು, ಅರ್ಧ ಕನ್ನಡ. "ಅಮ್ಮಾ, ನೇನು ರಾಮಾಂಜಿ. ಬೇಲ್ ಕಟ್ಟೋ ಪ್ರೆಸ್ಸಿನಾಗ ಇರ್ತೀನಿ. ನಂದು ಅದೇ ಗ್ರೂಪು. ಬೈಕ್ ಮ್ಯಾಲ ವಸ್ತಾ ಉನ್ನಾನಮ್ಮಾ, ಹೊಂಟೆ. ಆದ್ರ ಮೈಯೆಲ್ಲಾ ಹತ್ತಿ ಐತಿ. ದವಾಖಾನ್ಯಾಗ ಒಳಗ ಬಿಡ್ತಾರೋ ಇಲ್ಲೋ, ಸ್ವಲ್ಪ ಹೇಳಿ ಇಡ್ರಿ."

ಧಣಿಗೆ ತಿಳಿಸಿ, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ರಾಮಾಂಜಿ ಹೇಳಿದಂತೆಯೇ ಆಯಿತು. ಗೇಟಿನಲ್ಲಿ ಬೈಕು ನಿಲ್ಲಿಸಿದವನನ್ನು ವಾಚ್‌ಮನ್ ತಡೆದಿದ್ದ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿ, ಮೂವತ್ತರ ಹರೆಯದವನು ಮುದುಕನಂತೆ ನಿಂತಿದ್ದ.

"ಏನಯ್ಯಾ, ಹತ್ತಿ ಊರಾಗ ಹುಟ್ಟಿ ಹತ್ತಿ ಕಂಡ್ರ ಅಸಯ್ಯ ಪಡ್ತಿಯೇನು? ಸರಿ ಆಚೆ!" ಎಂದೆ. ನನ್ನ ದನಿಗೆ ವಾಚ್‌ಮನ್ ಸರಿದ, ಒಳಗಿದ್ದ ನರ್ಸೂ ಎದ್ದು ನಿಂತಳು. ರಾಮಾಂಜಿ ಕೈಕಾಲು ತೊಳೆದುಕೊಂಡು ಒಳಗೆ ಹೋದ. ರಕ್ತ ಪರೀಕ್ಷೆಯಾಯಿತು, ಹೊಂದಿತು. ಹೊರಗೆ ಬೆಂಚಿನ ಮೇಲೆ ಗುರುಬಸಮ್ಮ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು.

ಹೊತ್ತು ಮುಳುಗುವ ಮೊದಲು ಡಾಕ್ಟರಮ್ಮ ಹೊರಗೆ ಬಂದು, ತಾಯಿ ಕೂಸು ಇಬ್ಬರೂ ಉಳಿದರು ಎಂದರು. ಹೆಣ್ಣು ಕೂಸು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತಂತೆ.

ಆ ಮಾತಿಗೆ ಗುರುಬಸಮ್ಮ ನನ್ನ ಕಡೆ ತಿರುಗಿದರು. "ಪ್ರಸಾದ ಮಾತು ಬಿಟ್ಟು ಬಾಳ ಹೊತ್ತಾಗಿತ್ತಲ್ಲ. ಇಷ್ಟು ತಡ ಯಾಕಾತು?"

"ರಾಹುಕಾಲ ಇತ್ತಲ್ರೀ" ಎಂದೆ.

ಅವರ ಮುಖ ನೋಡಲಾಗಲಿಲ್ಲ. "ಮುಗಿಯೋ ಮುಂಚೆ ನೀ ತಡೆ ತಗದೇನು?" ಎಂದರು.

"ತಗದೆ. ಕೆಲಸದಿಂದ ತಗೀತೀನಿ ಅಂದ್ರ ತಗೀರಿ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುದಿನ ನಾನು ಎಂದಿನಂತೆ ಕೆಲಸಕ್ಕೆ ಹೋದೆ, ಬರಬೇಡ ಎಂದವರಿಲ್ಲ. ತಡೆಯನ್ನು ಮತ್ತೆ ಹಾಕು ಎಂದವರೂ ಇಲ್ಲ, ಹಾಕಬೇಡ ಎಂದವರೂ ಇಲ್ಲ. ನಾನು ಹಾಕಲಿಲ್ಲ.

ಮುಂದಿನ ಗುರುವಾರ ಊಟ ಮುಗಿಸಿ ಡಬ್ಬಿ ತೊಳೆದು ಬಂದಾಗ ಗುರುಬಸಮ್ಮ ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಪ್ರತಿಮಾ ಕೂರುತ್ತಿದ್ದ ಅದೇ ಸ್ಟೂಲು. ಗಡಿಯಾರದ ಕಡೆ ನೋಡಿ, "ರಾಹುಕಾಲ ಸುರುವಾತೇನು?" ಎಂದರು.

"ಆಗಲೇ ಆಗೈತ್ರಿ."

"ಹಂಗಾದ್ರ ಫೋನ್ ಕೊಡು. ಮೂರೂ ಕಡೆ ಹೋಗಲಿ, ಎಲ್ಲಾರ ಪೆಟ್ಟಿಗಿಗೂ. ಈಗಲೇ ಹೋಗಬೇಕು."

ಫೋನು ಕೊಟ್ಟು ಗುಂಡಿ ಒತ್ತಿದೆ.

"ಹಲೋ! ಹಲೋ!" ಎಂದು ಮುದುಕಿ ಕಿರುಚಿದರು. ನನಗೆ ಸಿಟ್ಟು ಬರಲಿಲ್ಲ. "ಎಲ್ಲಾರೂ ಕೇಳ್ರಿ, ನಾನು ಗುರುಬಸಮ್ಮ. ನಮ್ಮ ಮನಿಗೆ ಹೆಣ್ಣು ಕೂಸು ಬಂದೈತಿ. ಐತಾರ ಹೆಸರಿಡ್ತೀವಿ, ಎಲ್ಲಾರೂ ಊಟಕ್ಕ ಬರ್ರಿ. ನಾ ಹಾಕಿದ ರೂಲು ನನ್ನ ಸೊಸಿನ್ನ ನುಂಗತಿತ್ತು. ಕಾವೇರಿ ಬಿಡಿಸಿದ್ಲು. ರಾಮಾಂಜೀ, ಮಗನಾ, ನೀ ಆಕಿಗೆ ಜೀವಾ ಕೊಟ್ಟಿ. ನಿನ್ನ ಹೊಟ್ಟಿ ತಣ್ಣಗಿರ್ಲಿ. ಇನ್ನ ಮ್ಯಾಲ ಯಾರಿಗೆ ಯಾವಾಗ ಏನ್ ಕಷ್ಟ ಬಂದ್ರೂ ಮಾತಾಡ್ರಿ, ಹೊತ್ತು ನೋಡಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಹೋತೇನ?" ಎಂದರು.

"ಹೋತ್ರಿ" ಎಂದೆ.

ಹೆಸರಿಡುವ ಊಟವಾಯಿತು. ಪ್ರತಿಮಾ ಕೂಸನ್ನು ರಾಮಾಂಜಿಯ ತೊಡೆಯ ಮೇಲೆ ಮಲಗಿಸಿದಳು, ಅವನು ಉಸಿರು ಬಿಗಿಹಿಡಿದು ಕೂತಿದ್ದ. ಅದಾದ ಎರಡು ವಾರದ ಮೇಲೆ ಪೆಟ್ಟಿಗೆಗಳನ್ನು ತಪಾಸಣೆ ಮಾಡುವಾಗ ನೋಡಿದೆ, ಪೆದ್ದಕಡುಬೂರಿನ ಶೆಡ್ಡಿನಲ್ಲಿ ಎಲ್ಲರ ದೀಪವೂ ಆರಿದೆ, ರಾಮಾಂಜಿಯದು ಮಾತ್ರ ಉರಿಯುತ್ತಿದೆ. ಕೇಳದೇ ಬಿಟ್ಟ ಮಾತು ಒಂದು, ಗುರುಬಸಮ್ಮನವರದು. ನನಗೆ ಬಂತು ನೋಡಿ ಕೋಪ. ಚಹಾದ ಹೊತ್ತಿಗೆ ಫೋನು ಹಚ್ಚಿದೆ.

"ಏನಯ್ಯಾ ರಾಮಾಂಜಿ, ದೊಡ್ಡಮ್ಮ ಅಷ್ಟು ಪ್ರೀತಿಲಿಂದ ನಿನಗ ಮಾತಾಡ್ಯಾರ, ಇನ್ನೂ ಕೇಳಿಲ್ಲೇನು?"

"ಕೇಳೀನಮ್ಮಾ. ದಿನಾ ಕೇಳ್ತೀನಿ" ಎಂದ. "ಕೇಳಿ ಆದ ಮ್ಯಾಲ ಮತ್ತ ಹೊಸದು ಅನ್ನೋ ಗುಂಡಿ ಒತ್ತತೀನಿ. ನಾಳಿ ಬಂದ್ರ ದೀಪ ಹತ್ತಿರ್ತೈತಿ." ಆಮೇಲೆ, "ಮಾ ಅಮ್ಮ ಹೋದ ಮ್ಯಾಲ ನನಗ ಮಗನಾ ಅಂದೋರು ಯಾರೂ ಇದ್ದಿಲ್ಲಮ್ಮಾ" ಎಂದ.

ಹಳೆಯ ಮಾತುಗಳೆಲ್ಲ ತಿಂಗಳಾದ ಮೇಲೆ ತಾವೇ ಅಳಿಸಿ ಹೋಗಬೇಕೆಂಬುದು ನಮ್ಮ ಯಂತ್ರದ ನಿಯಮ. ಫೋನಿಟ್ಟು, ರಾಮಾಂಜಿಯ ಪೆಟ್ಟಿಗೆಗೆ ಆ ನಿಯಮ ತೆಗೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ.