ತುಂಬಿದ ತೂಕ, ಖಾಲಿ ತೂಕ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಸೊಪ್ಪಕ್ಕ. ರೋಗಿಗಳು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವುದು ಅವಳ ಕೆಲಸ. ಹೊರರೋಗಿಗಳು ಕಾಯುವ ಜಾಗದಲ್ಲಿ ಒಂದು ಕರಿಹಲಗೆ ಇತ್ತು. ಪ್ರತಿ ಸೋಮವಾರ ಆಯಾ ಕಾಲದ ತರಕಾರಿಯ ಬಗ್ಗೆ ಅದರ ಮೇಲೆ ಎರಡು ಸಾಲು ಗೀಚುತ್ತಿದ್ದಳು. ‘ಈ ವಾರ ಕುಂಬಳಕಾಯಿ. ನೋಡೋಕೆ ದಪ್ಪ, ತಿಂದೋರನ್ನ ದಪ್ಪ ಮಾಡಲ್ಲ.’ ‘ಮೂಲಂಗಿ ಬಂದಿದೆ. ವಾಸನೆ ಅಂತ ಮೂಗು ಮುರೀಬೇಡಿ, ಅದೇನು ನಿಮ್ಮನ್ನ ಮದುವೆ ಆಗ್ತೀನಿ ಅಂತ ಬಂದಿಲ್ಲ.’ ಇಂಜೆಕ್ಷನ್‌ಗೆ ಹೆದರಿ ಮುದುಡಿ ಕೂತವರೂ ಅದನ್ನೋದಿ ನಗುತ್ತಿದ್ದರು.

ಈಗ ಚಳಿಗಾಲ ಮುಗಿಯುತ್ತ ಬಂದಿದ್ದರೂ ಹಲಗೆಯ ಮೇಲೆ ಇನ್ನೂ ಮೂಲಂಗಿಯೇ ಕೂತಿತ್ತು. ಅಪ್ಪನ ಕರುಳಿನಲ್ಲಿ ಗಡ್ಡೆ ಸಿಕ್ಕಿತ್ತು. ಅಂದಿನಿಂದ ಅವಳಿಗೆ ನಗೆಚಾಟಿಕೆ ಹೊಳೆಯುತ್ತಿರಲಿಲ್ಲ.

ಆಪರೇಷನ್ ಮಾಡುವ ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. “ಗಡ್ಡೆ ತೆಗೀಬಹುದು. ಆದ್ರೆ ಈ ಮೈ ತಡ್ಕೊಳ್ಳಲ್ಲ. ನಲವತ್ತಾರು ಕೆ.ಜಿ. ಇದಾರೆ. ಮೂರು ವಾರ ಕೊಡ್ತೀನಿ, ನಲವತ್ತೆಂಟು ಮಾಡಿ ಕರ್ಕೊಂಡು ಬನ್ನಿ. ತಿನ್ನಿಸೋದು ನಿಮಗೆ ನಾನು ಹೇಳ್ಕೊಡ್ಬೇಕಾ?” ಎಂದರು.

ಹೇಳಿಕೊಡಬೇಕಿರಲಿಲ್ಲ. ತೂಗುವುದನ್ನು ಅವಳಿಗೆ ಕಲಿಸಿದ್ದೇ ಅಪ್ಪ. ನಲವತ್ತು ವರ್ಷ ಅವನು ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ದುಡಿದವನು. ಸರಕು ತುಂಬಿದ ಲಾರಿಯನ್ನು ಒಮ್ಮೆ ತೂಗಬೇಕು, ಇಳಿಸಿ ಬಂದ ಮೇಲೆ ಇನ್ನೊಮ್ಮೆ. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಸರಕು ಎಷ್ಟೆಂದು ಗೊತ್ತಾಗುತ್ತದೆ. ನಿವೃತ್ತಿಯ ದಿನ ಜೊತೆಯವರು ಪ್ರೀತಿಯಿಂದ ಕೊಟ್ಟ ಒಂದು ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲು ಈಗ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ಕಾಯುತ್ತ ಕೂತಿತ್ತು. ಮಗಳು ಅದೇ ವಿದ್ಯೆಯನ್ನು ಅಪ್ಪನ ತಟ್ಟೆಗೆ ಹಚ್ಚಿದಳು.

ಮಧ್ಯಾಹ್ನ ಅಪ್ಪ ಒಂದು ಲೋಟ ಗಂಜಿ ಕುಡಿಯುತ್ತಿದ್ದ, ರಾತ್ರಿ ನಾಲ್ಕು ತುತ್ತಿಗೇ ಕೈ ತೊಳೆಯುತ್ತಿದ್ದ. ಹಾಗಾಗಿ ಬೆಳಗಿನ ತಟ್ಟೆಯನ್ನೇ ಅವಳು ನೆಚ್ಚಿಕೊಂಡಿದ್ದಳು. ಹಲ್ಲಿಲ್ಲದ ಬಾಯಿಗೆಂದು ಸಣ್ಣಗೆ ಹೆಚ್ಚಿದ ಎರಡು ಮೊಟ್ಟೆ, ಎಳೆ ಬಟಾಣಿ, ಬೆಣ್ಣೆ ಹಾಕಿ ಬೇಯಿಸಿದ ಕುಂಬಳಕಾಯಿ. ತಕ್ಕಡಿಯ ಮೇಲಿಟ್ಟು, ಗೋಡೆಯ ಹಾಳೆಯಲ್ಲಿ ಗುರುತು ಹಾಕಿ, ಪಕ್ಕದಲ್ಲೇ ತನ್ನ ಡಬ್ಬಿಯನ್ನೂ ತುಂಬಿಟ್ಟು ಸ್ನಾನಕ್ಕೆ ಹೋಗುವಳು. ಬರುವಷ್ಟರಲ್ಲಿ ತಟ್ಟೆ ಖಾಲಿ. ಮತ್ತೆ ತೂಗಿ ಬರೆಯುವಳು. ಹತ್ತು ದಿನದ ಹಾಳೆ ನೋಡಿದರೆ ಕಣ್ಣು ತಂಪಾಗಬೇಕು, ಹಾಗಿತ್ತು. ಹತ್ತನೆಯ ದಿನ ಅಪ್ಪನನ್ನು ತೂಗಿದರೆ ನಲವತ್ತೈದೂವರೆ.

ತಿಂದದ್ದು ಮೈಗೆ ಹತ್ತುತ್ತಿಲ್ಲ ಅಂದರೆ ಗಡ್ಡೆ ಆಗಲೇ ಕೈಮೀರಿದೆ ಎಂದೇ ಅವಳು ತಿಳಿದಳು.

ಆ ಮಧ್ಯಾಹ್ನ ವಾರ್ಡು ಗುಡಿಸುವ ಆಯಾ ಕೈ ಒರೆಸಿಕೊಳ್ಳುತ್ತ ಅವಳ ಮೇಜಿನ ಹತ್ತಿರ ಬಂದಳು. ಅಪ್ಪನ ಕಾಯಿಲೆ ಗೊತ್ತಾದಾಗಿನಿಂದ ಸೊಪ್ಪಕ್ಕನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ಬಿಸ್ಕತ್ತು, ಒಂದು ಚಹಾ, ಅಷ್ಟೇ. ಊರಿಗೆಲ್ಲ ಊಟದ ಪಾಠ ಹೇಳುವ ಮಹಾತಾಯಿ ತನ್ನ ಡಬ್ಬಿಯನ್ನು ಮುಚ್ಚಳವೂ ತೆಗೆಯದೆ ದಿನಾ ಆಯಾಳ ಕೈಗೆ ಕೊಡುತ್ತಿದ್ದಳು.

“ಅಕ್ಕಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಹತ್ತು ದಿನದಿಂದ ಡಬ್ಬಿ ಕಲ್ಲಿನ ಹಾಗೆ ಭಾರ. ಇಬ್ಬರ ಊಟ ಇರುತ್ತೆ. ಮೇಲುಗಡೆ ಮೊಟ್ಟೆ, ಕುಂಬಳಕಾಯಿ ಒತ್ತಿ ತುಂಬಿರ್ತೀರ. ಆ ಮೊಟ್ಟೆ ಯಾಕಕ್ಕ ಅಷ್ಟು ಸಣ್ಣಗೆ ಹೆಚ್ತೀರ? ನಂಗೆ ಹಲ್ಲು ಗಟ್ಟಿ ಇವೆ.”

ಗ್ರಾಂ ಗ್ರಾಂ ಲೆಕ್ಕ ಹಾಕುವ ಹೆಂಗಸು ದಿನಾ ಬಸ್ಸಿಗೆ ಓಡುವಾಗ ತನ್ನ ಕೈಯಲ್ಲೇ ತೂಗಾಡುತ್ತಿದ್ದ ಭಾರವನ್ನು ಗಮನಿಸಿರಲಿಲ್ಲ. ಅರ್ಧ ದಿನದ ರಜೆ ಬರೆದಿಟ್ಟು ಮನೆಗೆ ಓಡಿದಳು.

ಅಪ್ಪ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಅವಳು ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. ಅವನು ಒಂದು ನೋಟದಲ್ಲೇ ಎಲ್ಲ ಅರ್ಥ ಮಾಡಿಕೊಂಡ.

“ಎಷ್ಟು ಇಳೀತು ಅಂತ ತಕ್ಕಡಿ ಹೇಳುತ್ತೆ ಪುಟ್ಟಿ. ಎಲ್ಲಿ ಇಳೀತು ಅಂತ ಹೇಳಲ್ಲ. ಈ ಆಟ ಆಡೋ ಡ್ರೈವರ್‌ಗಳನ್ನ ನಾನು ಎಷ್ಟು ಜನ ನೋಡಿಲ್ಲ.”

“ತಮಾಷೆ ಬೇಡ ಅಪ್ಪ. ಯಾಕೆ ಹೀಗೆ ಮಾಡ್ದೆ?”

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. “ನಾನು ತಿಂದದ್ದೆಲ್ಲ ಇದಕ್ಕೇ ಹೋಗುತ್ತೆ. ಇದನ್ನ ಯಾಕೆ ಸಾಕ್ಲಿ? ನೀನಾದ್ರೂ ತಿಂದ್ರೆ ಸಾರ್ಥಕ ಅಂತ ನಿನ್ನ ಡಬ್ಬಿಗೆ ಹಾಕ್ದೆ. ಟೈರ್ ಕೂತಿರೋದು ನೋಡಿ ಲಾರಿ ತೂಕ ಹೇಳ್ತಿದ್ದ ಕಣ್ಣು ಕಣೇ ಇದು. ನಿನ್ನ ರವಿಕೆ ಜೋತಾಡ್ತಿದೆ. ಆರು ಕೆ.ಜಿ. ಇಳಿದಿದೀಯ.”

“ಊಟ ಬಿಟ್ರೆ ಗಡ್ಡೆ ಸಾಯಲ್ಲ ಅಪ್ಪ. ನೀನು ಸಾಯ್ತೀಯ.”

ಹೇಳಿದ ಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಎಷ್ಟೋ ಜನ ರೋಗಿಗಳಿಂದ ನಗುನಗುತ್ತ ಬಿಡಿಸಿದ್ದ ಈ ತಪ್ಪು ತಿಳುವಳಿಕೆ ತನ್ನ ಮನೆಯೊಳಗೇ ಬೆಳೆದಿದೆಯೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ತಟ್ಟೆ ತೂಗಿದ್ದಳು, ಅಪ್ಪನ ಜೊತೆ ಕೂತು ಉಂಡಿರಲಿಲ್ಲ.

ಅಪ್ಪ, “ತೂಕದ ಮೇಲೆ ನಿಲ್ಲು” ಎಂದ. ನಿಂತಳು. ಸರಿಯಾಗಿ ಆರು ಕೆ.ಜಿ. ಕಡಿಮೆಯಿತ್ತು. ಹೆಮ್ಮೆ ಪಡುವಂಥ ವಿಷಯವಲ್ಲ ಎಂದು ಅಪ್ಪನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿದ.

“ಇವತ್ತಿಂದ ನಿನ್ನ ತಟ್ಟೇನೂ ತೂಗೋಣ. ನಾನು ಬರ್ಕೋತೀನಿ. ನೀನು ಎಷ್ಟು ತಿಂತೀಯೋ ಅಷ್ಟು ನಾನು. ಒಂದು ತುತ್ತು ಕಡಿಮೆ ಮಾಡಿದ್ರೆ ನಾನೂ ಕಡಿಮೆ ಮಾಡ್ತೀನಿ.”

ಹನ್ನೊಂದು ದಿನ ಮೂರು ಹೊತ್ತೂ ಇಬ್ಬರೂ ಎದುರುಬದುರು ಕೂತು ಉಂಡರು. ಅವಳು ಮಧ್ಯಾಹ್ನ ಬಸ್ಸು ಹಿಡಿದು ಮನೆಗೆ ಬಂದು ಹೋದಳು. ಮೊದಮೊದಲು ಒಬ್ಬರ ಬಾಯಿಯನ್ನು ಇನ್ನೊಬ್ಬರು ಪೊಲೀಸರ ಹಾಗೆ ಕಾಯುತ್ತಿದ್ದರು. ಆಮೇಲೆ ಅಪ್ಪ ತಾನಾಗಿಯೇ ಬೆಣ್ಣೆಯ ಬಟ್ಟಲು ಎಳೆದುಕೊಳ್ಳತೊಡಗಿದ. ಕಲ್ಲಂಗಡಿ ಬರೋಕೆ ಇನ್ನೆಷ್ಟು ದಿನ ಎಂದು ಒಮ್ಮೆ ಕೇಳಿದ. ಇನ್ನೂ ಎರಡು ತಿಂಗಳು ಎಂದಳು. “ಕಾಯೋಣ ಬಿಡು” ಎಂದ. ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದಳು.

ಗಡುವಿನ ದಿನ ಆಸ್ಪತ್ರೆಗೆ ಹೊರಡುವಾಗ ಚಳಿಯೆಂದು ಅಪ್ಪ ಹಳೆಯ ಕೋಟು ಹಾಕಿಕೊಂಡ. ಡಾಕ್ಟರ ಕೋಣೆಯಲ್ಲಿ ಕೋಟಿನ ಸಮೇತ ತೂಕದ ಮೇಲೆ ನಿಂತ. ನಲವತ್ತೆಂಟು ಮುಕ್ಕಾಲು.

ಡಾಕ್ಟರು ಪೆನ್ನು ತೆಗೆದರು. ಸೊಪ್ಪಕ್ಕನ ತಲೆಯಲ್ಲಿ ಹನ್ನೊಂದು ದಿನದ ತಟ್ಟೆಗಳೆಲ್ಲ ಸಾಲಾಗಿ ನಿಂತವು. ಕೋಟಿನ ಭಾರ ಕಳೆದರೂ ಇಷ್ಟು ಬರಲು ಸಾಧ್ಯವಿರಲಿಲ್ಲ. ಮನೆಯಿಂದ ಹೊರಡುವಾಗ ಅಡುಗೆಮನೆಯ ಬಾಗಿಲು ಪಟಪಟ ಬಡಿದುಕೊಂಡದ್ದು ನೆನಪಾಯಿತು. ಅವಳು ಮುಂದೆ ಹೋಗಿ ಅಪ್ಪನ ಕೋಟಿನ ಜೇಬಿಗೆ ಕೈ ಹಾಕಿದಳು. ತಣ್ಣಗಿನ ಕಬ್ಬಿಣ ಸಿಕ್ಕಿತು. ಹೊರತೆಗೆದು ಮೇಜಿನ ಮೇಲಿಟ್ಟಳು.

ನಲವತ್ತು ವರ್ಷ ಒಂದೂ ಸುಳ್ಳು ತೂಕದ ಚೀಟಿ ಬರೆಯದವನು, ಸೀಟಿನ ಕೆಳಗೆ ಕಲ್ಲು ಬಚ್ಚಿಟ್ಟು ತಂದವರನ್ನು ಲಾರಿಯಿಂದ ಇಳಿಸಿ ಬೈದವನು, ಸಿಕ್ಕಿಬಿದ್ದು ತೂಕದ ಮೇಲೆ ನಿಂತಿದ್ದ.

“ಒಂದು ಕೆ.ಜಿ.ಗೋಸ್ಕರ ವಾಪಸ್ ಕಳಿಸ್ಬಿಡ್ತೀರೇನೋ ಅಂತ ಹೆದರ್ಕೊಂಡೆ ಸ್ವಾಮಿ. ನನಗೆ ಬದುಕ್ಬೇಕು ಅನ್ನಿಸ್ತಿದೆ.”

ಡಾಕ್ಟರು ಕೋಟು ಬಿಚ್ಚಿಸಿ ಮತ್ತೊಮ್ಮೆ ತೂಗಿದರು. ನಲವತ್ತೇಳು. ಬಹಳ ಹೊತ್ತು ವರದಿಗಳನ್ನೂ ಸೊಪ್ಪಕ್ಕ ತಂದಿದ್ದ ತೂಕದ ಹಾಳೆಯನ್ನೂ ತಿರುವಿ ಹಾಕಿದರು. “ಹನ್ನೊಂದು ದಿನದಲ್ಲಿ ಒಂದೂವರೆ ಕೆ.ಜಿ. ಏರಿದೀರಿ. ಇನ್ನೊಂದು ವಾರ ಕಾಯ್ತೀನಿ. ಈ ಸಲ ಜೇಬಲ್ಲಿ ಬೇಡ, ಹೊಟ್ಟೇಲಿ ಹಾಕ್ಕೊಂಡು ಬನ್ನಿ” ಎಂದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಎದುರಿಗೆ ಮೂಲಂಗಿಯ ಹಲಗೆ. ಅವಳು ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ತನಗೆ ಹಾಕಿಕೊಂಡು, ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟಳು. ತೂಗಲು ತಕ್ಕಡಿ ಇರಲಿಲ್ಲ. ಅವಳು ತುತ್ತೆತ್ತುವವರೆಗೆ ಅಪ್ಪ ಕಾಯಲಿಲ್ಲ. ತಾನೇ ಮೊದಲು ತಿನ್ನತೊಡಗಿದ.